ಹಿಮ ಬೀಳೋ ಮೊದಲೇ ಕೋಲು ನೆಡುವವರು

ಮಾನ್ಯ ಸಂಪಾದಕರೇ,

ನಮ್ಮ ಮಲೆನಾಡಿನ ಶಾಲೆಗಳಿಗೆ ಕೊಡೋ ಮಳೆ ರಜೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಎರಡೂ ಪತ್ರ ಓದಿದೆ. ಈಗಿನ ಮಕ್ಕಳಿಗೆ ನಾಲ್ಕು ಹನಿ ಬಿದ್ದರೂ ರಜೆ ಬೇಕು ಅಂತ ಒಬ್ಬರು ಬೈದಿದ್ದಾರೆ. ಪುಷ್ಯ ಮಳೆಯಲ್ಲಿ ನಮ್ಮೂರಿನ ಹಳ್ಳ ದಾಟಿ ತೋರಿಸಿ ಅಂತ ಇನ್ನೊಬ್ಬರು ಸವಾಲು ಹಾಕಿದ್ದಾರೆ. ನನಗೆ ಇಬ್ಬರ ಮೇಲೂ ಸಿಟ್ಟಿಲ್ಲ. ಆದರೆ ಇಬ್ಬರೂ ಕೊನೆಗೆ ಹೇಳಿದ್ದು ಒಂದೇ ಮಾತು: ಪ್ರಕೃತಿ ಎದುರು ಯಾರೇನು ಮಾಡೋಕಾಗುತ್ತೆ? ನನ್ನ ತಕರಾರು ಇರೋದು ಅದಕ್ಕೇ.

ನನ್ನ ಮಗಳು, ಅಳಿಯ ಫಿನ್ಲೆಂಡಿನ ಔಲು ಅನ್ನೋ ಊರಲ್ಲಿದ್ದಾರೆ. ಒಂದು ವರ್ಷ ಅಕ್ಟೋಬರಿನಲ್ಲಿ ನಾನೂ ನಮ್ಮನೆಯವರೂ ಹೋಗಿ ಸಂಕ್ರಾಂತಿ ಹೊತ್ತಿಗೆ ವಾಪಸ್ ಬಂದೆವು. (ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ತೋಟ ಬಿಟ್ಟು ಹೋದಿರಾ ಅಂತ ಕೇಳಬೇಡಿ, ಆ ವರ್ಷ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟಿದ್ದೆವು.) ಅಲ್ಲಿ ಡಿಸೆಂಬರ್ ನಡುವಿನಲ್ಲಿ ಸೂರ್ಯ ಹುಟ್ಟೋದೇ ಬೆಳಿಗ್ಗೆ ಹತ್ತು ಗಂಟೆ ಮೇಲೆ. ಮಧ್ಯಾಹ್ನ ಎರಡರ ಸುಮಾರಿಗೆಲ್ಲ ಮುಳುಗಿಬಿಡುತ್ತದೆ. ಮೈನಸ್ 20 ಡಿಗ್ರಿ ಅಂದರೆ ಅಲ್ಲಿ ಸುದ್ದಿಯೇ ಅಲ್ಲ. ಶಾಲೆ ನಡೆಯುತ್ತದೆ, ಬಸ್ಸು ಬರುತ್ತದೆ, ವಯಸ್ಸಾದವರೂ ಹಿಮದ ಮೇಲೆ ಸೈಕಲ್ ತುಳಿದುಕೊಂಡು ಅಂಗಡಿಗೆ ಹೋಗುತ್ತಾರೆ. ಸುಮ್ನೆ ಹೇಳ್ತಿಲ್ಲ, ಚಳಿಗಾಲದ ಸೈಕಲ್ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದಿದ್ದೇ ಆ ಊರಲ್ಲಿ. ಅವರೇನು ಕಬ್ಬಿಣದಿಂದ ಮಾಡಿದ ಜನ ಅಲ್ಲ. ಜನ ಮನೆಯಿಂದ ಹೊರಡೋ ಮೊದಲೇ ಮುಖ್ಯ ಸೈಕಲ್ ದಾರಿಯ ಹಿಮ ತೆಗೆದಿರುತ್ತಾರೆ, ಅಷ್ಟೇ.

ನಾವು ಹೋದ ಹೊಸದರಲ್ಲಿ ರಸ್ತೆಯ ಎರಡೂ ಅಂಚಿಗೆ ಉದ್ದುದ್ದ ಕೋಲು ನೆಟ್ಟಿರೋದು ಕಂಡಿತು. ಹಿಮದ ಸುಳಿವೇ ಇರಲಿಲ್ಲ. ಯಾಕಪ್ಪ ಇದು ಅಂತ ಅಳಿಯನನ್ನು ಕೇಳಿದೆ. "ಅತ್ತೆ, ಹಿಮ ಬಿದ್ದ ಮೇಲೆ ರಸ್ತೆ ಎಲ್ಲಿ, ಚರಂಡಿ ಎಲ್ಲಿ ಅಂತ ಗೊತ್ತಾಗಲ್ಲ. ಹಿಮ ತಳ್ಳೋ ಗಾಡಿಯವನಿಗೆ ಅಂಚು ಕಾಣಲಿ ಅಂತ ಮೊದಲೇ ನೆಡ್ತಾರೆ" ಅಂದ. ನನಗೆ ಆಗ ನೆನಪಾಗಿದ್ದು ನಮ್ಮೂರ ಮೋರಿ. ಆಷಾಢದಲ್ಲಿ ಅದರ ಮೇಲೆ ಕೆಂಪು ನೀರು ಹರಿಯುವಾಗ ರಸ್ತೆ ಯಾವುದು, ಹಳ್ಳ ಯಾವುದು ಅಂತ ಹುಟ್ಟಿ ಬೆಳೆದ ನಮಗೇ ತಿಳಿಯಲ್ಲ. ಬೈಕಿನವರು ಅಂದಾಜಿನ ಮೇಲೆ ದಾಟುತ್ತಾರೆ. ಎರಡು ಕಡೆ ನಾಲ್ಕು ಕೋಲು ನೆಡೋಕೆ ಯಾವ ಬಜೆಟ್ ಬೇಕು ಹೇಳಿ.

ಅಲ್ಲಿ ಇಂಥದ್ದೆಲ್ಲ ಅವರವರ ಇಷ್ಟಕ್ಕೆ ಬಿಟ್ಟಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ರಸ್ತೆ, ಹವಾಮಾನ ಹಾಗಿದ್ದರೆ ಕಾರಿಗೆ ಚಳಿಗಾಲದ ಟೈರ್ ಇರಲೇಬೇಕು ಅಂತ ಕಾನೂನಿದೆ. ಜಾಸ್ತಿ ಜನ ಮೊಳೆ ಇರೋ ಟೈರನ್ನೇ ಹಾಕಿಸುತ್ತಾರೆ. ಮನೆ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ಕರೆಂಟ್ ಪ್ಲಗ್ ಇರೋ ಗಿಡ್ಡ ಕಂಬಗಳಿವೆ. ರಾತ್ರಿ ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ ಕಾರನ್ನು ಅದಕ್ಕೆ ವೈರಿನಲ್ಲಿ ಕಟ್ಟಿರುತ್ತಾರೆ, ಬೆಳಿಗ್ಗೆ ಸ್ಟಾರ್ಟ್ ಮಾಡೋ ಮೊದಲು ಇಂಜಿನ್ ಬೆಚ್ಚಗಾಗಲಿ ಅಂತ. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಕತ್ತಲಲ್ಲಿ ನಡೆದು ಹೋಗೋರು ಬಟ್ಟೆಗೆ ರಿಫ್ಲೆಕ್ಟರ್ ಹಾಕಬೇಕು ಅಂತ ಅಲ್ಲಿ ನಿಯಮ. ಹಾಕದಿದ್ದರೆ ದಂಡವೇನೂ ಇಲ್ಲ, ಆದರೂ ಮುದುಕರು ಮಕ್ಕಳು ಎಲ್ಲರ ಕೋಟಿನಿಂದಲೂ ದಾರದಲ್ಲಿ ಒಂದು ಸಣ್ಣ ಬಿಲ್ಲೆ ಮೊಣಕಾಲಿನ ಹತ್ತಿರ ನೇತಾಡುತ್ತಿರುತ್ತದೆ. ಮೊಣಕಾಲಿನ ಹತ್ತಿರವೇ ಯಾಕೆ ಅಂದರೆ ಕಾರಿನ ಡಿಮ್ ಲೈಟ್ ಬೀಳೋದು ಆ ಎತ್ತರಕ್ಕೆ. ಕಪ್ಪು ಬಟ್ಟೆ ಹಾಕಿದವನು ಸುಮಾರು 50 ಮೀಟರ್ ಹತ್ತಿರ ಬಂದ ಮೇಲೆ ಕಂಡರೆ, ಈ ಬಿಲ್ಲೆ ಇದ್ದವನು 150 ಮೀಟರಿನಿಂದಲೇ ಕಾಣುತ್ತಾನೆ. ಮೊಮ್ಮಗ ಶಾಲೆಗೆ ಹೊರಡುವಾಗ ಬೂಟು, ಟೋಪಿ, ಎರಡು ಜೊತೆ ಕೈಗವಸು ಎಲ್ಲ ಏರಿಸಿ ಕೊನೆಗೆ ಆ ಬಿಲ್ಲೆ ಹೊರಗೆ ಬಂದಿದೆಯಾ ಅಂತ ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ನಮ್ಮಲ್ಲಿ ಮಕ್ಕಳು ಮಳೆಯಲ್ಲಿ, ಕಪ್ಪು ಕೊಡೆ ಹಿಡಿದು, ಘಾಟಿಯ ತಿರುವಿನಲ್ಲಿ ಬಸ್ಸಿಗೆ ಕಾಯುತ್ತವೆ.

ಹಾಗಂತ ಅದು ಸ್ವರ್ಗ ಅಂತ ತಿಳಿಯಬೇಡಿ. ಆ ಕತ್ತಲೆ ಮನುಷ್ಯರನ್ನು ಕುಗ್ಗಿಸುತ್ತದೆ. ನಮ್ಮನೆಯವರು ಡಿಸೆಂಬರ್ ಪೂರ್ತಿ ಕಿಟಕಿ ಹತ್ತಿರ ಕೂತು ಮಂಕಾಗಿದ್ದರು. ಬಿಸಿಲು ಸಾಲಲ್ಲ ಅಂತ 2003ರಿಂದ ಅಲ್ಲಿ ಹಾಲಿಗೇ ವಿಟಮಿನ್ ಡಿ ಬೆರೆಸುತ್ತಾರೆ. ಮಂಜುಗಡ್ಡೆಯ ಮೇಲೆ ಜಾರಿ ಕೈಕಾಲು ಮುರಿದುಕೊಳ್ಳೋದು ಮಾಮೂಲಿ. ಜಾರದಿರಲಿ ಅಂತ ಹರಡಿದ ಸಣ್ಣ ಜಲ್ಲಿಯನ್ನು ವಸಂತದಲ್ಲಿ ಗುಡಿಸಿ ತೆಗೆಯುವಾಗ ಊರೆಲ್ಲ ದೂಳಂತೆ, ಮಗಳು ಫೋನಿನಲ್ಲಿ ಗೊಣಗುತ್ತಾಳೆ. ಮೊದಲ ಹಿಮ ಬಿದ್ದ ದಿನ ಅಲ್ಲೂ ಕಾರುಗಳು ಗುದ್ದಿಕೊಳ್ಳುತ್ತವೆ.

ಸಾಗರ ತಾಲ್ಲೂಕಿನ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಔಲು ಪಕ್ಕದಲ್ಲಿ ಹೈಲುವೊತೊ ಅಂತ ದ್ವೀಪ ಇದೆ. ಅಲ್ಲಿನವರೂ ಸಿಗಂದೂರು ಕಡೆಯವರ ಹಾಗೆ ಲಾಂಚ್ ನಂಬಿಕೊಂಡೇ ಬದುಕಿದವರು. ಅಲ್ಲಿನ ಸಮುದ್ರದಲ್ಲಿ ಉಪ್ಪು ಕಡಿಮೆ, ಹಾಗಾಗಿ ಬೇಗ ಹೆಪ್ಪುಗಟ್ಟುತ್ತದೆ. ಚಳಿ ಚೆನ್ನಾಗಿ ಬಿದ್ದ ವರ್ಷ ಸಮುದ್ರದ ಮೇಲೇ ರಸ್ತೆ ಮಾಡಿ ಕಾರು ಬಿಡುತ್ತಿದ್ದರು. ಮಂಜುಗಡ್ಡೆ ದಪ್ಪ ಅಳೆದು ನೋಡಿದ ಮೇಲೆಯೇ. ನಮ್ಮಲ್ಲಿ ಶರಾವತಿ ಹಿನ್ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ನಮಗೆ 2025ರ ಜುಲೈನಲ್ಲಿ ಸೇತುವೆ ಆಯಿತು, ಒಳ್ಳೇದಾಯಿತು.

ಈಗ ಕರೆಂಟಿನ ವಿಷಯ. ಈ ಪತ್ರ ಬರೆದಿದ್ದೇ ಇದಕ್ಕೆ. ಫಿನ್ಲೆಂಡೂ ನಮ್ಮ ಮಲೆನಾಡಿನ ಹಾಗೆ ಕಾಡಿನ ದೇಶ. ಲೈನ್ ಕಾಡಿನೊಳಗೇ ಹೋಗುತ್ತದೆ, ಗಾಳಿಗೆ ಮರ ಬಿದ್ದರೆ ಕರೆಂಟ್ ಹೋಗುತ್ತದೆ. 2011ರಲ್ಲಿ ಕ್ರಿಸ್‌ಮಸ್ ಮರುದಿನ ದೊಡ್ಡ ಬಿರುಗಾಳಿ ಬೀಸಿ ಲಕ್ಷಾಂತರ ಮನೆಗಳು ಕತ್ತಲಾದವು, ಕೆಲವು ಕಡೆ ವಾರ ಕಳೆದರೂ ಬರಲಿಲ್ಲ. ಜನ ಕೂಗಾಡಿದರು. 2013ರಲ್ಲಿ ಕಾನೂನು ಬಂತು: ಬಿರುಗಾಳಿಯಿರಲಿ, ಹಿಮವಿರಲಿ, ಪಟ್ಟಣದಲ್ಲಿ 6 ಗಂಟೆ, ಉಳಿದ ಕಡೆ 36 ಗಂಟೆಗಿಂತ ಜಾಸ್ತಿ ಕರೆಂಟ್ ಹೋಗಿರಬಾರದು, 2028ರೊಳಗೆ ಲೈನನ್ನು ಹಾಗೆ ಮಾಡಿಕೊಳ್ಳಿ ಅಂತ. ಆಮೇಲೆ ಕೆಲವರಿಗೆ 2036ರವರೆಗೆ ಗಡುವು ಕೊಟ್ಟರು ಅನ್ನಿ. ಕಂಪನಿಗಳು ಕೇಬಲನ್ನು ನೆಲದಡಿ ಹಾಕಿದವು. ಖರ್ಚು ಏರಿತು, ಬಿಲ್ಲೂ ಏರಿತು, ಜನ ಅದಕ್ಕೂ ಬೈದರು. ಆದರೆ 12 ಗಂಟೆ ಮೀರಿ ಕರೆಂಟ್ ಹೋದರೆ ವರ್ಷದ ಲೈನ್ ಶುಲ್ಕದಲ್ಲಿ ಶೇ 10ರಷ್ಟು ಗ್ರಾಹಕರಿಗೆ ವಾಪಸ್, ಹೊತ್ತು ಜಾಸ್ತಿಯಾದ ಹಾಗೆ ಪರಿಹಾರವೂ ಜಾಸ್ತಿ.

ನಮ್ಮಲ್ಲೂ 2020ರ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಪರಿಹಾರದ ಮಾತಿದೆ. ಆದರೆ ನಮ್ಮೂರಲ್ಲಿ ಯಾರ ಕೈಗೂ ಒಂದು ರೂಪಾಯಿ ಬಂದಿದ್ದು ಕೇಳಿಲ್ಲ. ಶರಾವತಿಯಲ್ಲಿ 1,035 ಮೆಗಾವ್ಯಾಟ್ ವಿದ್ಯುದಾಗಾರ ಇದೆ, ಅದಕ್ಕಾಗಿ ಊರಿಗೆ ಊರೇ ಮುಳುಗಿದವರ ಮೊಮ್ಮಕ್ಕಳು ಜುಲೈನಲ್ಲಿ ಮೊಬೈಲ್ ಚಾರ್ಜಿಗೆ ಪೇಟೆಗೆ ಹೋಗಬೇಕು. ಫೋನ್ ಮಾಡಿದರೆ "ಫಾಲ್ಟ್ ಹುಡುಕ್ತಾ ಇದ್ದಾರೆ" ಅನ್ನೋದೊಂದೇ ಉತ್ತರ. ಲೈನ್‌ಮನ್‌ಗಳನ್ನು ನಾನು ಖಂಡಿತ ಬೈಯಲ್ಲ. ಆ ಹುಡುಗರು ಉಂಬಳ ಕಚ್ಚಿಸಿಕೊಂಡು, ರೈನ್‌ಕೋಟಿನೊಳಗೆ ನೀರಿಳಿಯುತ್ತಿದ್ದರೂ ಕಂಬ ಹತ್ತೋದನ್ನು ಕಣ್ಣಾರೆ ನೋಡಿದ್ದೇನೆ. ಮೇ ತಿಂಗಳಲ್ಲಿ ಆಗಬೇಕಾದ ಜಂಗಲ್ ಕಟಿಂಗನ್ನು (ಲೈನಿಗೆ ತಾಗೋ ಕೊಂಬೆ ಕಡಿಯೋದನ್ನು) ಆರಿದ್ರಾ ಮಳೆ ಶುರುವಾದ ಮೇಲೆ ಮಾಡಿ ಅಂದರೆ ಅವರಾದರೂ ಏನು ಮಾಡಿಯಾರು?

ಮಳೆಗೆ ತಯಾರಾಗೋದು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಏಪ್ರಿಲ್ ಮುಗಿಯೋದರೊಳಗೆ ಸೌದೆ ಒಳಗೆ ಸೇರಿಸುತ್ತೇವೆ, ದರಕು (ಒಣ ಎಲೆ) ಗುಡಿಸಿ ತರುತ್ತೇವೆ, ಹಪ್ಪಳ ಸಂಡಿಗೆ ಒಣಗಿಸುತ್ತೇವೆ, ಹೆಂಚು ಕೈಯಾಡಿಸುತ್ತೇವೆ. ಅಡಿಕೆಗೆ ಕೊಳೆ ಔಷಧಿ ಹೊಡೆಸೋಕೆ ಮೈಲುತುತ್ತ, ಸುಣ್ಣ ತಂದಿಟ್ಟು ಕೊನೆಗಾರರಿಗೆ ಮೊದಲೇ ಹೇಳಿಟ್ಟಿರುತ್ತೇವೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು. ಮನೆಯ ಹೊಸಿಲು ದಾಟಿದರೆ ಮಾತ್ರ ಮಳೆ ಪ್ರತಿ ವರ್ಷವೂ ಹೊಸ ನೆಂಟ. ಧರೆ ಕುಸಿದ ಮೇಲೆ ಜೆಸಿಬಿ, ಕಾಲುಸಂಕ ಕೊಚ್ಚಿಹೋದ ಮೇಲೆ ಸ್ಥಳ ಪರಿಶೀಲನೆ, ರಾತ್ರಿ ಹತ್ತಕ್ಕೆ ರಜೆ ಘೋಷಣೆ. ಈಗಿನ ಸ್ಥಿತಿಯಲ್ಲಿ ರಜೆ ಕೊಡೋದೇ ಸರಿ, ಕೊಡಲಿ. ಆದರೆ ಪ್ರಕೃತಿ ಮೇಲೆ ತಪ್ಪು ಹೊರಿಸಬೇಡಿ.

ಎಲ್ಲ ಲೈನನ್ನೂ ನೆಲದಡಿ ಹಾಕಿ ಅಂತ ಕೇಳುತ್ತಿಲ್ಲ, ಖರ್ಚು ಎಷ್ಟಾಗುತ್ತೆ ಅನ್ನೋ ಅಂದಾಜು ಇದೆ. ಕಾಡೊಳಗೆ ಹಾದುಹೋಗುವ ಕಡೆಯಾದರೂ ಬರೀ ತಂತಿ ತೆಗೆದು ಎಬಿ ಕೇಬಲ್ (ಹೊದಿಕೆ ಇರೋ ತಂತಿ) ಎಳೆಯಿರಿ. ಜಂಗಲ್ ಕಟಿಂಗ್ ಯಾವ ಫೀಡರಿನಲ್ಲಿ ಯಾವ ವಾರ ಅಂತ ಏಪ್ರಿಲಿನಲ್ಲೇ ಪಂಚಾಯಿತಿ ಬೋರ್ಡಿಗೆ ಹಚ್ಚಿ, ನಾವೇ ನಿಂತು ಮಾಡಿಸಿಕೊಳ್ಳುತ್ತೇವೆ. ಮುಳುಗೋ ಮೋರಿಗಳಿಗೆ ಮುಂಗಾರಿಗೆ ಮೊದಲು ರಿಫ್ಲೆಕ್ಟರ್ ಅಂಟಿಸಿದ ಕೋಲು ನೆಡಿ. ಹಳ್ಳಿಗಳಲ್ಲಿ ಎಷ್ಟು ಗಂಟೆಯೊಳಗೆ ಕರೆಂಟ್ ಬರಬೇಕು, ಬರದಿದ್ದರೆ ಪರಿಹಾರ ಎಷ್ಟು ಅಂತ ಬಿಲ್ಲಿನ ಹಿಂದೆ ಕನ್ನಡದಲ್ಲಿ ಅಚ್ಚು ಹಾಕಿ. ಈ ಮಳೆಗಾಲ ಹೇಗೂ ಹೋಯಿತು. ಬರೋ ವರ್ಷದ್ದಕ್ಕೆ ಈಗಿಂದಲೇ ಕೇಳುತ್ತಿದ್ದೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ್ತಿ,
ಹೊಸನಗರ ತಾಲ್ಲೂಕು