ನಿಮ್ಮ ಕೀಲಿನ ಪುಡಿ ಮತ್ತು ಅದರ ಜೊತೆ ಬಂದ ಮೇವಿನ ಚೀಟಿಯ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು

ವಿಷಯ: ರೇವಾಲ್ (ನಾಲ್ಕು ಕಾಲೂ ಒಂದೊಂದಾಗಿ ಊರುವ, ಕುಲುಕಾಟ ಕಡಿಮೆಯ ನಡೆ) ಕುದುರೆಗಳಿಗೆಂದು ನೀವು ಮಾರುವ ಕೀಲಿನ ಪುಡಿಯ ಲೇಬಲ್ ಸರಿಯಿಲ್ಲದಿರುವುದು, ಮತ್ತು ಡಬ್ಬಿಯಲ್ಲಿದ್ದ ಮೇವಿನ ಚೀಟಿಯಿಂದ ಕುದುರೆಗೆ ಆದ ತೊಂದರೆ.

ಮಾನ್ಯರೇ,

ನಿಮ್ಮ 1.8 ಕೆ.ಜಿ. ಡಬ್ಬಿಗೆ 4,200 ರೂಪಾಯಿಯಂತೆ ಎರಡು ಡಬ್ಬಿ ತರಿಸಿದ್ದೇನೆ. ಆ ಹಣ ವಾಪಸ್ ಬೇಕು. ಆದರೆ ಹಣಕ್ಕಿಂತ ದೊಡ್ಡ ದೂರು ಡಬ್ಬಿಯೊಳಗೆ ಮಡಚಿ ಇಟ್ಟಿದ್ದ ಹಸಿರು ಚೀಟಿಯದ್ದು. ಕೀಲಿಗೆ ಒಳ್ಳೆಯದಾಗಲಿ ಎಂದು ಪುಡಿ ಮಾರುವ ನೀವೇ, ಮೂಳೆಯನ್ನೂ ಕೀಲನ್ನೂ ಕೆಡಿಸುವ ಮೇವಿನ ಪಟ್ಟಿಯನ್ನು ಅದರ ಜೊತೆಗೇ ಹಂಚುತ್ತಿದ್ದೀರಿ.

ನಮ್ಮದು ಮಾರ್ವಾಡಿ ಹೆಣ್ಣು ಕುದುರೆ. ತೂಕ ಸುಮಾರು 380 ಕೆ.ಜಿ. ಮೈಸೂರಿನ ಹೊರಗೆ ನಮ್ಮ ತೋಟದಲ್ಲೇ ಲಾಯವಿದೆ. ರೇವಾಲ್ ನಡೆ ಅವಳಿಗೆ ಹುಟ್ಟಿನಿಂದಲೇ ಬಂದದ್ದು, ಯಾರೂ ಕಲಿಸಿದ್ದಲ್ಲ. ಚಳಿಗಾಲದ ಬೆಳಗ್ಗೆ ಹಿಂಗಾಲು ಸ್ವಲ್ಪ ಬಿಗಿಯಾಗುತ್ತಿತ್ತು, ಹತ್ತು ನಿಮಿಷ ನಡೆಸಿದರೆ ಬಿಡುತ್ತಿತ್ತು. ಅಷ್ಟಕ್ಕೇ ನಿಮ್ಮ ಪುಡಿ ತರಿಸಿದ್ದು.

ಚೀಟಿಯಲ್ಲಿ ಏನಿದೆ ಅಂತ ನಿಮಗೇ ಒಮ್ಮೆ ನೆನಪಿಸುತ್ತೇನೆ. ಬೆಳಗ್ಗೆ ಒಂದು ಕೆ.ಜಿ., ಸಂಜೆ ಒಂದು ಕೆ.ಜಿ. ಗೋಧಿ ಬೂಸಾ ನೆನೆಸಿ, ಅದರಲ್ಲಿ ಪುಡಿ ಕಲಸಿ ಕೊಡಬೇಕು. ಹಸಿ ಮೇವಿಗೆ ನೇಪಿಯರ್ ಹುಲ್ಲು ಸಾಕು. ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ‘ಉಷ್ಣ’, ಕೀಲು ಊದಿಸುತ್ತದೆ, ನಿಲ್ಲಿಸಿ. ಫೋನಿನಲ್ಲಿ ಮಾತಾಡಿದ ನಿಮ್ಮ ಸಲಹೆಗಾರರೂ ಇದನ್ನೇ ಒತ್ತಿ ಹೇಳಿದರು. ಅಲ್ಲಿಯವರೆಗೆ ಅವಳು ತಿನ್ನುತ್ತಿದ್ದದ್ದು ಕುದುರೆ ಮಸಾಲೆ, ಒಣಹುಲ್ಲು, ಬೇಯಿಸಿದ ಹುರುಳಿ, ಒಂದು ಹಿಡಿ ಅಗಸೆ.

ಈಗ ಲೆಕ್ಕ ನೋಡಿ. 500 ಕೆ.ಜಿ. ತೂಕದ, ಹೆಚ್ಚು ದುಡಿಮೆಯಿಲ್ಲದ ಕುದುರೆಗೆ ದಿನಕ್ಕೆ 20 ಗ್ರಾಂ ಕ್ಯಾಲ್ಸಿಯಂ, 14 ಗ್ರಾಂ ರಂಜಕ (ಫಾಸ್ಫರಸ್) ಬೇಕು ಎಂಬುದು ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ 2007ರ ಪಟ್ಟಿ. ನಮ್ಮ ಕುದುರೆಯ ತೂಕಕ್ಕೆ ಅದು ಸುಮಾರು 15 ಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ರಂಜಕ. ಗೋಧಿ ಬೂಸಾದಲ್ಲಿ ರಂಜಕ ಶೇ. 1ರ ಆಸುಪಾಸು, ಕ್ಯಾಲ್ಸಿಯಂ ಅದರ ಏಳೆಂಟನೇ ಒಂದು ಭಾಗ. ಅಂದರೆ ನೀವು ಹೇಳಿದ ಎರಡು ಕೆ.ಜಿ. ಬೂಸಾದಿಂದಲೇ 20 ಗ್ರಾಂ ರಂಜಕ ಹೊಟ್ಟೆ ಸೇರುತ್ತದೆ, ಕ್ಯಾಲ್ಸಿಯಂ ಮೂರು ಗ್ರಾಂ ಕೂಡ ಇರುವುದಿಲ್ಲ. ರಂಜಕ ಜಾಸ್ತಿಯಾದರೆ ಇರುವ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ಅದರ ಮೇಲೆ ನೇಪಿಯರ್. ಆ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ದನಕ್ಕೆ ಅದು ಅಷ್ಟು ತೊಂದರೆ ಕೊಡದು, ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ. ಕುದುರೆಗೆ ಆ ಅನುಕೂಲ ಇಲ್ಲ. ಇಷ್ಟೆಲ್ಲ ಆದಮೇಲೆ ಕ್ಯಾಲ್ಸಿಯಂ ಚೆನ್ನಾಗಿರುವ ಒಂದೇ ಮೇವು, ಕುದುರೆ ಮಸಾಲೆ, ಅದನ್ನೂ ನಿಲ್ಲಿಸಲು ಹೇಳಿದಿರಿ. ನಿಮ್ಮ ಪುಡಿಯಲ್ಲಿ ಕ್ಯಾಲ್ಸಿಯಂ ಶೇ. 2 ಅಂತ ಬರೆದಿದೆ. 60 ಗ್ರಾಂ ಪುಡಿಗೆ ಅದು 1.2 ಗ್ರಾಂ. ಯಾವ ಮೂಲೆಗೆ ಸಾಲುತ್ತದೆ?

ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಾರದೆಂದು ಮೈ ಅದನ್ನು ಮೂಳೆಯಿಂದ ಕಿತ್ತು ತರುತ್ತದೆ. ಮುಂದುವರಿದರೆ ಮುಖದ ಮೂಳೆ ಊದಿಕೊಳ್ಳುತ್ತದೆ, ಅದಕ್ಕೇ ಈ ಕಾಯಿಲೆಗೆ ‘ಬಿಗ್ ಹೆಡ್’ ಅಂತ ಹೆಸರು. ಹಿಂದೆ ಗಿರಣಿಯವರ ಕುದುರೆಗಳು ಬೂಸಾ ತಿಂದು ತಿಂದು ಇದಕ್ಕೆ ಬೀಳುತ್ತಿದ್ದವು, ನೂರು ವರ್ಷಕ್ಕೂ ಹಿಂದಿನಿಂದ ಗೊತ್ತಿರುವ ಸಂಗತಿ. ಮುಖ ಊದುವುದಕ್ಕೆ ಎಷ್ಟೋ ಮೊದಲೇ ಕುಂಟು ಶುರುವಾಗುತ್ತದೆ. ಇವತ್ತು ಈ ಕಾಲು, ಇನ್ನೊಂದು ದಿನ ಆ ಕಾಲು. ಚೀಟಿಯಂತೆ ಮೇವು ಬದಲಿಸಿದ ಮೇಲೆ ನಮ್ಮಲ್ಲಿ ಆದದ್ದೂ ಇದೇ. ಮೊದಲು ಎಡ ಮುಂಗಾಲು, ಆಮೇಲೆ ಬಲ ಹಿಂಗಾಲು. ಲಾಳ ಹೊಡೆಯುವವರು ಕಾಲೆತ್ತಿದರೆ ಸಾಕು, ಉಳಿದ ಮೂರರ ಮೇಲೆ ನಿಲ್ಲಲು ಒದ್ದಾಡುತ್ತಿದ್ದಳು. ರೇವಾಲ್ ನಡೆಯಲ್ಲಿ ನಾಲ್ಕು ಹೆಜ್ಜೆಯೂ ಬೇರೆ ಬೇರೆಯಾಗಿ ಕೇಳಬೇಕು, ಅಲ್ವಾ? ಅದು ಕೆಟ್ಟು, ಒಂದೇ ಬದಿಯ ಎರಡು ಕಾಲು ಒಟ್ಟಿಗೆ ಬೀಳತೊಡಗಿದವು.

ಆಗ ನಿಮಗೆ ರಕ್ತದ ರಿಪೋರ್ಟ್ ಕಳಿಸಿದೆ. ‘ಕ್ಯಾಲ್ಸಿಯಂ ನಾರ್ಮಲ್ ಇದೆ, ಡೋಸ್ ಡಬಲ್ ಮಾಡಿ’ ಎಂದು ಉತ್ತರ ಬಂತು. ಮೂಳೆ ಕರಗಿಸಿ ರಕ್ತ ತುಂಬಿಸುವ ಕಾಯಿಲೆಯಲ್ಲಿ ರಕ್ತದ ಕ್ಯಾಲ್ಸಿಯಂ ನಾರ್ಮಲ್ ಇರುವುದು ಸಾಮಾನ್ಯ. ನಮ್ಮ ಪಶುವೈದ್ಯರು ಮೂತ್ರ ಮತ್ತು ರಕ್ತ ಎರಡನ್ನೂ ಒಟ್ಟಿಗೆ ತೆಗೆಸಿ, ರಂಜಕ ಎಷ್ಟು ಹೊರಗೆ ಹೋಗುತ್ತಿದೆ ಎಂದು ನೋಡಿ, ಮೊದಲ ದಿನವೇ ಬೂಸಾ ನಿಲ್ಲಿಸಿದರು. ನೇಪಿಯರ್ ಬಿಡಿಸಿದರು. ಕುದುರೆ ಮಸಾಲೆ ವಾಪಸ್ ಬಂತು, ಜೊತೆಗೆ ಕ್ಯಾಲ್ಸಿಯಂಗೆಂದು ಅಳತೆ ಮಾಡಿ ಸುಣ್ಣಕಲ್ಲಿನ ಪುಡಿ. ಕುಂಟು ಈಗ ಕಡಿಮೆ. ಮೂಳೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಸವಾರಿ ಬೇಡ ಎಂದಿದ್ದಾರೆ.

ಇನ್ನು ಪುಡಿಯ ಮಾತು. ಲೇಬಲ್‌ನಲ್ಲಿ ‘ದಿನಕ್ಕೆ 60 ಗ್ರಾಂ’ ಅಂತಿದೆ. ಪಕ್ಕದಲ್ಲೇ ‘60 ದಿನಕ್ಕೆ ಸಾಕು, ದಿನಕ್ಕೆ ಬರೀ 70 ರೂಪಾಯಿ’ ಅಂತಲೂ ಇದೆ. 1.8 ಕೆ.ಜಿ.ಯನ್ನು 60ರಿಂದ ಭಾಗಿಸಿದರೆ 30 ಗ್ರಾಂ. ಒಳಗಿರುವ ಸ್ಕೂಪ್ ತೂಗಿದೆ, ಅದೂ 30 ಗ್ರಾಂ. ಹಾಗಾದರೆ ಒಂದೋ ಅರ್ಧ ಡೋಸ್ ಮಾರುತ್ತಿದ್ದೀರಿ, ಇಲ್ಲವೇ ಬೆಲೆ ಅರ್ಧ ಹೇಳುತ್ತಿದ್ದೀರಿ.

ಕೀಲಿಗೆಂದು ಹಾಕುವ ಪದಾರ್ಥಗಳಾದ ಗ್ಲುಕೋಸಮೀನ್, ಕಾಂಡ್ರಾಯ್ಟಿನ್, ಎಂಎಸ್ಎಂ ಮೂರನ್ನೂ ಸೇರಿಸಿ ‘ವಿಶೇಷ ಮಿಶ್ರಣ 12 ಗ್ರಾಂ’ ಎಂದಷ್ಟೇ ಬರೆದಿದ್ದೀರಿ. ಕುದುರೆಗಳಿಗೆ ಸಾಮಾನ್ಯವಾಗಿ ಕೊಡುವ ಗ್ಲುಕೋಸಮೀನ್ ಒಂದೇ ದಿನಕ್ಕೆ 10 ಗ್ರಾಂನಷ್ಟು, ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ನಿಮ್ಮ 12 ಗ್ರಾಂನಲ್ಲಿ ಅಗ್ಗದ ಎಂಎಸ್ಎಂ ಎಷ್ಟು, ಉಳಿದದ್ದು ಎಷ್ಟು? ಸುಮ್ನೆ ಅನುಮಾನ ಪಡುತ್ತಿಲ್ಲ. ಕುದುರೆಗಳ ಇಂಥ 23 ಉತ್ಪನ್ನಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತರಲ್ಲಿ ಗ್ಲುಕೋಸಮೀನ್ ಲೇಬಲ್‌ಗಿಂತ ಕಡಿಮೆ ಇತ್ತು. ‘ಸವೆದ ಕಾರ್ಟಿಲೇಜ್ (ಕೀಲಿನ ಮೃದು ಎಲುಬು) ಮತ್ತೆ ಬೆಳೆಯುತ್ತದೆ’ ಎಂಬ ಸಾಲನ್ನಂತೂ ಯಾವ ಧೈರ್ಯದ ಮೇಲೆ ಅಚ್ಚು ಹಾಕಿಸಿದಿರೋ.

‘ರೇವಾಲ್ ಸ್ಪೆಷಲ್’ ಎಂದು 600 ರೂಪಾಯಿ ಹೆಚ್ಚು ಪಡೆದಿದ್ದೀರಿ. ನಿಮ್ಮ ಸಾಮಾನ್ಯ ಡಬ್ಬಿಯ ಪದಾರ್ಥಗಳ ಪಟ್ಟಿ ಪಕ್ಕದಲ್ಲಿಟ್ಟು ಓದಿದೆ. ಒಂದಕ್ಷರ ವ್ಯತ್ಯಾಸವಿಲ್ಲ, ಡಬ್ಬಿಯ ಮೇಲಿನ ಮಾರ್ವಾಡಿ ಕುದುರೆಯ ಬಾಗಿದ ಕಿವಿಗಳ ಚಿತ್ರ ಬಿಟ್ಟರೆ. ರೇವಾಲ್ ನಡೆಯಲ್ಲಿ ‘ಕೀಲಿಗೆ ದುಪ್ಪಟ್ಟು ಪೆಟ್ಟು’ ಎಂದು ಬರೆದಿದ್ದೀರಲ್ಲ, ಆ ನಡೆಯಲ್ಲಿ ಒಂದಾದರೂ ಕಾಲು ಸದಾ ನೆಲದ ಮೇಲಿರುತ್ತದೆ. ಕುಲುಕಾಟ ಕಡಿಮೆ ಎಂದೇ ಸವಾರರು ಅದನ್ನು ಇಷ್ಟಪಡುವುದು.

ಇನ್ನೊಂದು. ‘ಸ್ಪರ್ಧೆಗೂ ಸುರಕ್ಷಿತ’ ಎಂದಿರುವ ಡಬ್ಬಿಯ ಹಿಂಬದಿಯ ಪಟ್ಟಿಯಲ್ಲಿ ಡೆವಿಲ್ಸ್ ಕ್ಲಾ ಎಂಬ ಗಿಡದ ಬೇರು ಇದೆ. ಅದರಲ್ಲಿರುವ ಹಾರ್ಪಗೋಸೈಡ್ ಎಂಬ ಅಂಶ ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟದ ನಿಷೇಧಿತ ಪಟ್ಟಿಯಲ್ಲಿದೆ. ನಾವು ಸ್ಪರ್ಧೆಗೆ ಹೋಗುವವರಲ್ಲ. ಹೋಗುವವರು ನಿಮ್ಮ ಡಬ್ಬಿ ಕೊಳ್ಳುತ್ತಾರೆ.

ಎರಡು ಡಬ್ಬಿಯ 8,400 ರೂಪಾಯಿ, ಜೊತೆಗೆ ಪರೀಕ್ಷೆ ಮತ್ತು ಪಶುವೈದ್ಯರ ಖರ್ಚು ನೀವು ಕೊಡಬೇಕು. ಈ ಬ್ಯಾಚಿನ ಪರೀಕ್ಷಾ ವರದಿ, ಪದಾರ್ಥಗಳ ಬಿಡಿ ಬಿಡಿ ಪ್ರಮಾಣದೊಂದಿಗೆ ಕಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹಸಿರು ಚೀಟಿಯನ್ನು ಇವತ್ತೇ ನಿಲ್ಲಿಸಿ, ಈಗಾಗಲೇ ಡಬ್ಬಿ ಕೊಂಡವರಿಗೆಲ್ಲ ‘ಬೂಸಾ ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ’ ಎಂದು ಸಂದೇಶ ಕಳಿಸಬೇಕು. ಅವರೆಲ್ಲರ ಫೋನ್ ನಂಬರ್ ನಿಮ್ಮ ಹತ್ತಿರ ಇದೆ. ರಿಯಾಯಿತಿಯ ಮೆಸೇಜುಗಳು ನನಗೆ ಈಗಲೂ ಬರುತ್ತಿವೆ.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಂಡವರು ತಾವಿರುವ ಊರಿನಲ್ಲೇ ದೂರು ಹಾಕಬಹುದು ಎಂಬುದು ನಿಮಗೂ ಗೊತ್ತಿರಬೇಕು. ಡೋಸ್ ಡಬಲ್ ಮಾಡಲು ಹೇಳಿದವರಿಂದ ಮತ್ತೆ ಫೋನ್ ಮಾಡಿಸಬೇಡಿ. ಮಾತಾಡುವುದಿದ್ದರೆ ಕುದುರೆ ನೋಡಿ ಗೊತ್ತಿರುವ ಪಶುವೈದ್ಯರೊಬ್ಬರಿಂದ ಮಾಡಿಸಿ.

ಇಂತಿ,
ನಿಮ್ಮ ಗ್ರಾಹಕ,
ಮೈಸೂರು

ಲಗತ್ತು: ಎರಡು ಬಿಲ್, ಲೇಬಲ್ ಮತ್ತು ಹಸಿರು ಚೀಟಿಯ ಫೋಟೋ, ತಕ್ಕಡಿಯ ಮೇಲಿನ ಸ್ಕೂಪ್ ಫೋಟೋ, ರಕ್ತ–ಮೂತ್ರ ಪರೀಕ್ಷೆಯ ವರದಿ, ನಿಮ್ಮ ಸಲಹೆಗಾರರ ಸಂದೇಶಗಳ ಪ್ರತಿ.