ಎರಡು ಕಂಗಿನ ಸಂಕ

ಪೆರ್ಲ
ಶುಕ್ರವಾರ, ರಾತ್ರಿ

ಪ್ರೀತಿಯ ಮಗಳೇ,

ಸೋಮವಾರ ಮಂಗಳೂರಿಗೆ ಹೋಗಿ ಬಂದೆ. ನೀನು ಚೀಟಿಯಲ್ಲಿ ಬರೆದುಕೊಟ್ಟಿದ್ದ ಪರೀಕ್ಷೆಗಳನ್ನೆಲ್ಲ ಮಾಡಿಸಿದೆ. ನಿನ್ನ ಅನುಮಾನವೇ ನಿಜ. ಎಡಗಣ್ಣಿನಲ್ಲಿ ಗ್ಲಾಕೋಮಾ, ಕಣ್ಣಿನ ನರ ಸವೆಯುವ ಆ ಕಾಯಿಲೆ, ಶುರುವಾಗಿದೆ, ಬಲಗಣ್ಣಿಗೆ ಸದ್ಯ ತೊಂದರೆ ಇಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಒಂದರ ಮೇಲೊಂದು ಪ್ರಶ್ನೆ ಕೇಳುತ್ತೀ, ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಅಮ್ಮ ಫೋನು ಕಸಿದುಕೊಂಡು ಅಳಲು ತೊಡಗುತ್ತಾಳೆ. ಹಾಗಾಗಿ ಕಾಗದ.

ನೀನು ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಆದ ಮಾತುಕತೆಯನ್ನು ಇಲ್ಲಿ ತೆಗೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ಅಮ್ಮನಿಗಂತೂ ಅಕ್ಷರ ಬಿಡದೆ ಬಾಯಿಪಾಠ. ಮರುದಿನ ಕಾಸರಗೋಡು ಸ್ಟೇಷನ್ನಿನಲ್ಲಿ ಚೆನ್ನೈ ಮೇಲ್ ರೈಲು ಬರುವ ತನಕ ನಾವಿಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತಿದ್ದೆವಲ್ಲ, ಅದು ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಬೇಸರ ಇಟ್ಟುಕೊಳ್ಳಬೇಡ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಆ ಯಂತ್ರದ ಪರೀಕ್ಷೆ ಇದೆಯಲ್ಲ, ಗಲ್ಲ ಊರಿ ನಡುವಿನ ದೀಪವನ್ನೇ ನೋಡುತ್ತಾ, ಸುತ್ತ ಎಲ್ಲಿ ಬೆಳಕಿನ ಚುಕ್ಕಿ ಮಿನುಗಿದರೂ ಗುಂಡಿ ಒತ್ತುವುದು, ಅದರಲ್ಲಿ ನನಗೆ ಪೂರ್ಣ ಅಂಕ ಬಂತೆಂದೇ ತಿಳಿದಿದ್ದೆ. ಪಕ್ಕದಲ್ಲಿ ಕಾಯುತ್ತಿದ್ದವರಿಗೂ ಸುಲಭವೆಂದು ಧೈರ್ಯ ಹೇಳಿದೆ. ಕಾಗದ ಕೈಗೆ ಬಂದಾಗ ನೋಡಿದರೆ ಎಡಗಣ್ಣಿನ ನೋಟದ ಮೇಲ್ಭಾಗದಲ್ಲಿ, ಮೂಗಿನ ಬದಿಗೆ, ಕಪ್ಪು ಕಲೆ. ಅಲ್ಲಿ ಚುಕ್ಕಿ ಮಿನುಗಿದ್ದೇ ನನಗೆ ಗೊತ್ತಾಗಿಲ್ಲ. ಒತ್ತಡ ಎಡಗಣ್ಣಿನಲ್ಲಿ 24, ಬಲಗಣ್ಣಿನಲ್ಲಿ 20. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕಂತೆ, ಆದರೆ 21ರ ಒಳಗಿದ್ದವರಿಗೂ ನರ ಸವೆಯುವುದುಂಟಂತೆ. ಡಾಕ್ಟರು ನರದ ಚಿತ್ರವನ್ನು ತುಂಬ ಹೊತ್ತು ನೋಡಿ, ಇಷ್ಟು ಬೇಗ ಹೇಗೆ ಬಂದಿರಿ, ಯಾರು ಕಳಿಸಿದರು ಎಂದು ಕೇಳಿದರು. ಮಗಳು ಎಂದೆ. ಚೆನ್ನೈಯಲ್ಲಿ ಎಂ.ಆಪ್ಟಮ್, ಕಣ್ಣು ಪರೀಕ್ಷಿಸುವ ಮೇಲಿನ ಓದು, ಓದಲು ಸೇರಿದ್ದಾಳೆ ಎಂದೂ ಹೇಳಿದೆ. ಅದನ್ನು ಅವರು ಕೇಳಿರಲಿಲ್ಲ.

ಈಗ ಅಜ್ಜನ ವಿಷಯ. ನಿನಗೆ ಗೊತ್ತಿರುವುದು ಜಗಲಿಯ ಕುರ್ಚಿಯಲ್ಲಿ ಕುಳಿತು ಹೆಜ್ಜೆಯ ಸದ್ದಿನಲ್ಲೇ ನಮ್ಮನ್ನೆಲ್ಲ ಗುರುತಿಸುತ್ತಿದ್ದ ಅಜ್ಜ. ಅದಕ್ಕೂ ಹಿಂದಿನ ಅಜ್ಜನನ್ನು ನೀನು ಕಂಡಿಲ್ಲ, ನಾನೂ ಹೇಳಿರಲಿಲ್ಲ.

ಅವರು ಕನ್ನಡಕವಿಟ್ಟು ಪೇಪರಿನ ಸಣ್ಣ ಅಕ್ಷರವನ್ನೂ ಸಲೀಸಾಗಿ ಓದುತ್ತಿದ್ದರು. ಆದ್ದರಿಂದ ಅವರ ಕಣ್ಣು ಗಟ್ಟಿ ಎಂದು ಊರಿಡೀ ಹೇಳುತ್ತಿತ್ತು. ಅದೇ ಮನುಷ್ಯ ಅಂಗಳದಲ್ಲಿಟ್ಟ ಚೊಂಬನ್ನು ಒದೆಯುತ್ತಿದ್ದರು. ಅಜ್ಜಿ ಕಾಫಿ ಹಿಡಿದು ಪಕ್ಕದಲ್ಲೇ ನಿಂತಿದ್ದರೂ ತಿರುಗಿ ನೋಡುತ್ತಿರಲಿಲ್ಲ, ಅದಕ್ಕೆ ಅಜ್ಜಿಗೆ ಸಿಟ್ಟು. ಮದುವೆ ಮನೆಗಳಲ್ಲಿ ಬದಿಯಿಂದ ಮಾತನಾಡಿಸಿದವರನ್ನು ಗಮನಿಸದೆ ಮುಂದೆ ಹೋಗುತ್ತಿದ್ದರು. ನಾಲ್ಕು ಎಕರೆ ತೋಟ ಮಾಡಿದ ಅಹಂಕಾರ ಎಂದು ನೆಂಟರು ಆಡಿಕೊಂಡರು. ಯಕ್ಷಗಾನದ ಆಟಕ್ಕೆ ಹೋದರೆ, ಭಾಗವತರನ್ನು ನೋಡಿದರೆ ವೇಷ ಕಾಣುವುದಿಲ್ಲ, ವೇಷ ನೋಡಿದರೆ ಭಾಗವತರು ಕಾಣುವುದಿಲ್ಲ, ಈಗಿನ ಮೇಳದವರು ರಂಗಸ್ಥಳವನ್ನು ಅಗಲ ಮಾಡಿದ್ದಾರೆ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರಿಗೆ ನೋವಿಲ್ಲ, ಉರಿಯಿಲ್ಲ, ಕಣ್ಣು ಕೆಂಪಾದದ್ದೂ ಇಲ್ಲ. ಕಾಯಿಲೆ ಎಂದು ಯಾರು ಹೇಳಬೇಕು?

1991ರ ಆಟಿ ತಿಂಗಳು. ಮಳೆ ಬಿಡದೆ ಹೊಡೆದು ತೋಡು ಕೆಂಪಾಗಿ ಹರಿಯುತ್ತಿತ್ತು. ಕೆಳಗಿನ ತೋಟಕ್ಕೆ ಹೋಗಲು ಎರಡು ಕಂಗಿನ ಸಂಕ, ಎರಡು ಅಡಿಕೆ ಮರದ ಕಾಲುಸೇತುವೆ, ಹಾಕಿತ್ತು. ಒಂದು ಕಂಗು ಕೊಳೆತು ಕುಂಬಾಗಿತ್ತೆಂದು ಹಿಂದಿನ ಸಂಜೆ ಕೆಲಸದವರು ಅದನ್ನು ತೆಗೆದು ದಡದಲ್ಲಿ ಹಾಕಿದ್ದರು. ಬೆಳಿಗ್ಗೆ ಅಡಿಕೆಗೆ ಕೊಳೆರೋಗ ಬಂದಿದೆಯೇ ನೋಡೋಣ ಎಂದು ಅಜ್ಜ ಹೊರಟರು, ಹಿಂದೆ ಕೊಡೆ ಹಿಡಿದು ನಾನು. ಅಜ್ಜ ಸಂಕದ ಹತ್ತಿರ ನಿಲ್ಲಲಿಲ್ಲ, ಕೆಳಗೆ ನೋಡಲಿಲ್ಲ. ಕಂಗು ಇಲ್ಲದ ಕಡೆಗೆ ನೇರವಾಗಿ ಕಾಲಿಟ್ಟರು. ಹೆದರಿಕೆಯಿಂದ ಇಟ್ಟ ಕಾಲಲ್ಲ ಅದು. ಅಲ್ಲಿ ಕಂಗು ಇದೆ ಎಂದು ಖಾತ್ರಿ ಇದ್ದವರು ಇಡುವ ಕಾಲು.

ನೀರಿನಿಂದ ಎತ್ತಿದ್ದು, ಸೊಂಟದ ಮೂಳೆ ಮುರಿದದ್ದು, ಮಂಗಳೂರಿನ ಆಸ್ಪತ್ರೆ, ಅದೆಲ್ಲ ನಿನಗೆ ಅಜ್ಜಿ ಹೇಳಿದ್ದಾಳೆ. ನನ್ನನ್ನು ಬಿಡದಿರುವುದು ಆ ಕಾಲು. ಅವರು ಎಷ್ಟೋ ವರ್ಷಗಳಿಂದ ಕಣ್ಣಿನಿಂದಲ್ಲ, ನೆನಪಿನಿಂದ ನಡೆಯುತ್ತಿದ್ದರು ಎಂದು ತಿಳಿದದ್ದು ಆಮೇಲೆ. ಆಸ್ಪತ್ರೆಯಲ್ಲಿ ಇದ್ದಾಗಲೇ ಕಣ್ಣು ನೋಡಿದರು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದೋ ನೋಡೋಣ ಎಂದರು. ಉಳಿದದ್ದು ಬಹಳ ಇರಲಿಲ್ಲ.

ನೀನು ಬಿ.ಆಪ್ಟಮ್ ಓದುತ್ತಿದ್ದಾಗ ಒಮ್ಮೆ ನಿನ್ನನ್ನು ಕೇಳಿದ್ದೆ, ಅಜ್ಜನಿಗೆ ಆಗ ಹೇಗೆ ಕಾಣುತ್ತಿತ್ತು, ಗುಡ್ಡದಲ್ಲಿ ನೀರಿಗಾಗಿ ತೋಡಿದ ನಮ್ಮ ಸುರಂಗದ ಒಳಗೆ ನೀರಿನ ತನಕ ಹೋಗಿ ತಿರುಗಿ ಬಾಯಿಯ ಕಡೆ ನೋಡಿದ ಹಾಗೆಯೇ ಎಂದು. ನೀನು ಅಲ್ಲ ಎಂದೆ. ಸುರಂಗದಲ್ಲಿ ಸುತ್ತ ಕತ್ತಲೆ ಇದೆ ಎಂದು ತಿಳಿಯುತ್ತದೆ ಅಪ್ಪ, ಇದರಲ್ಲಿ ಕತ್ತಲೆಯೂ ಕಾಣುವುದಿಲ್ಲ, ಕಾಣದ ಜಾಗವನ್ನು ಮೆದುಳೇ ತುಂಬಿಸಿಬಿಡುತ್ತದೆ ಎಂದೆ. ಆ ದಿನ ತಲೆಯಾಡಿಸಿದ್ದೆ. ಅರ್ಥವಾದದ್ದು ಸೋಮವಾರ, ಆ ಕಾಗದ ನೋಡಿದಾಗ. ಮತ್ತೆ ಸಂಕದ ವಿಷಯಕ್ಕೇ ಬಂದೆ ನೋಡು. ಅಜ್ಜನ ಮೆದುಳು ಅಲ್ಲೊಂದು ಕಂಗು ಹಾಕಿಟ್ಟಿತ್ತು.

ನಿನ್ನ ದೊಡ್ಡಪ್ಪ ಮೊನ್ನೆಯೂ ಕೇಳಿದರು, ಕನ್ನಡಕದ ಅಂಗಡಿ ಇಡಲು ನಾಲ್ಕು ವರ್ಷ ಸಾಲದೇ, ಮತ್ತೆರಡು ವರ್ಷ ಯಾಕೆ ಎಂದು. ಮೊದಲಾದರೆ ನಾನೂ ಅವರ ಜೊತೆ ತಲೆಯಾಡಿಸುತ್ತಿದ್ದೆನೋ ಏನೋ. ಈಗ ಹೇಳಿದೆ: ಕನ್ನಡಕ ಕೊಡಲು ಬಂದವಳು ನನ್ನ ನರದ ಬುಡದ ಗುಳಿ ನೋಡಿ ಹೋದಳು ಅಣ್ಣ, ನಿಮ್ಮದನ್ನೂ ತೋರಿಸಿಕೊಳ್ಳಿ, ನೀವೂ ಅವರ ಮಗನೇ ಅಲ್ಲವೇ. ಸುಮ್ಮನಾದರು. ಮುಂದಿನ ವಾರ ಹೋಗುತ್ತಾರಂತೆ. ಹೋಗುವ ತನಕ ನಂಬಿಕೆ ಇಲ್ಲ.

ನೀನು ಕಡಿಮೆ ದೃಷ್ಟಿಯವರ ವಿಭಾಗ ತೆಗೆದುಕೊಳ್ಳಬೇಕೆಂದಿದ್ದೆ. ತೆಗೆದುಕೋ. ಅಜ್ಜನ ಕೈಗೆ ಆಗ ಒಂದು ಬಿಳಿ ಕೋಲು ಕೊಟ್ಟು ಹೀಗೆ ಹಿಡಿಯಿರಿ ಎನ್ನುವವರೂ ಇರಲಿಲ್ಲ. ಜೊತೆಗೆ ನಮ್ಮ ಊರಿನ ಕಣ್ಣನ್ನೂ ಮರೆಯಬೇಡ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುವಾಗ, ಮದ್ದು ಬಿಡುವಾಗ ಸುಣ್ಣ ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ, ಕೂಡಲೇ ನೀರು ಹೊಯ್ಯುತ್ತಲೇ ಇರಬೇಕು, ಆಸ್ಪತ್ರೆ ಆಮೇಲೆ ಎಂದು ನೀನೇ ಹೇಳಿದ್ದೆ, ಈಗ ನಮ್ಮ ಕೆಲಸದವರಿಗೆಲ್ಲ ಅದು ಗೊತ್ತು. ಮೆಡಿಕಲ್ಲಿನಿಂದ ಕೇಳಿ ತರುವ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಒತ್ತಡ ಏರುತ್ತದೆ ಎಂಬುದು ಮಾತ್ರ ಯಾರ ತಲೆಗೂ ಹೋಗಿಲ್ಲ. ಇನ್ನು ಶಾಲೆಯ ಶಿಬಿರಗಳು. ಕನ್ನಡ ಮಾಧ್ಯಮದ ಒಂದನೇ ತರಗತಿಯ ಮಗುವಿನ ಮುಂದೆ ಮಲಯಾಳ ಅಕ್ಷರದ ಹಲಗೆ ಇಟ್ಟರೆ ಅದು ಬಾಯಿ ಬಿಡುವುದಿಲ್ಲ, ಕಣ್ಣು ಮಂದ ಎಂದು ಬರೆದುಕೊಂಡು ಹೋಗುತ್ತಾರೆ. ನಾಲ್ಕು ದಿಕ್ಕಿಗೆ ತಿರುಗಿಸಿದ ಇಂಗ್ಲಿಷಿನ ‘E’ಯ ಹಲಗೆ ಇದೆಯಂತಲ್ಲ, ಬೆರಳಿನಲ್ಲಿ ದಿಕ್ಕು ತೋರಿಸಿದರೆ ಸಾಕು, ಯಾವ ಭಾಷೆಯ ಜಗಳವೂ ಇಲ್ಲ. ಅಂಥದ್ದೊಂದನ್ನು ಕಟ್ಟಿಕೊಂಡು ಬಾ. ನೋಡು, ನಿನ್ನ ಪಾಠವನ್ನು ನಿನಗೇ ಹೇಳುತ್ತಿದ್ದೇನೆ. ನಿನ್ನ ಅಮ್ಮ ಓದಿದರೆ ಇಷ್ಟನ್ನೂ ಹೊಡೆದುಹಾಕು ಎನ್ನುತ್ತಾಳೆ.

ಕಟ್ಟಿಕೊಂಡು ಬಾ ಎಂದೆ. ಬರಲೇಬೇಕೆಂದು ಅಲ್ಲ. 2020ರಲ್ಲಿ ಕೊರೋನಾದ ಹೊತ್ತಿಗೆ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ, ಅಡ್ಡದಾರಿಗಳಿಗೆ ಮಣ್ಣು ಸುರಿದಾಗ ಮಂಗಳೂರೇ ಆಸ್ಪತ್ರೆಯಾಗಿದ್ದ ನಮ್ಮ ಜನ ಪಟ್ಟದ್ದನ್ನು ನೋಡಿದವನು ನಾನು. ಅಂದಿನಿಂದ ಗಡಿಯ ಈಚೆ ನಮ್ಮವರೆನ್ನುವವರು ಒಬ್ಬರಾದರೂ ಇರಲಿ ಎಂಬ ಆಸೆ ಇದೆ. ಆಸೆ ನನ್ನದು, ಓದು ನಿನ್ನದು. ನೀನಿರುವ ಊರಿನಲ್ಲಿ ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆ 1819ರಿಂದ ಇದೆ, ಡಾ. ಬದರಿನಾಥರ ಶಂಕರ ನೇತ್ರಾಲಯ 1978ರಿಂದ ಇದೆ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ. ನನ್ನ ಕಣ್ಣಿನ ನೆಪದಲ್ಲಿ ಒಂದು ವಾರವೂ ರಜೆ ಹಾಕಿ ಬರಕೂಡದು. ಬಂದರೆ ಸ್ಟೇಷನ್ನಿಗೆ ಕರೆಯಲು ನಾನು ಬರುವುದಿಲ್ಲ, ಜೀಪಿಗೆ ನೀನೇ ಕೊಡು.

ರಾತ್ರಿ ಒಂದು ಹನಿ ಮದ್ದು. ಹಾಕಿದ ಮೇಲೆ ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ಅಮ್ಮ ಗಡಿಯಾರ ನೋಡುತ್ತಾ ಕೂರುತ್ತಾಳೆ. ಈ ಮದ್ದಿನಿಂದ ರೆಪ್ಪೆಯ ಕೂದಲು ಉದ್ದವಾಗಬಹುದೆಂದು ಡಾಕ್ಟರು ಹೇಳಿದ್ದನ್ನು ಕೇಳಿದಾಗಿನಿಂದ, ಒಂದೇ ಕಣ್ಣಿಗೆ ಹಾಕಿಕೊಂಡರೆ ಹೇಗೆ ಕಾಣುತ್ತೀರೋ ಎಂದು ಅವಳಿಗೆ ನಗು. ಅಷ್ಟಾದರೂ ನಗುತ್ತಾಳಲ್ಲ.

ಇಷ್ಟು ಬರೆದದ್ದು ಇದಕ್ಕಾಗಿ. ಇದು ಮನೆತನದಲ್ಲಿ ಇಳಿದು ಬರುತ್ತದೆ, ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಉಳಿದವರಿಗಿಂತ ಹೆಚ್ಚು ಭಯ ಎಂದು ಆ ರಾತ್ರಿ ನನಗೆ ಬೆರಳು ತೋರಿಸಿ ಹೇಳಿದವಳು ನೀನು. ಅಜ್ಜನ ಮಗ ನಾನು ಎಂಬಲ್ಲಿಗೆ ನಿನ್ನ ಲೆಕ್ಕ ನಿಂತಿತು. ನನ್ನ ಮಗಳು ಯಾರು? ರಾತ್ರಿ ಅದನ್ನೇ ಯೋಚಿಸುತ್ತಾ ಮಲಗಿರುತ್ತೇನೆ, ನಿನ್ನ ಅಮ್ಮನಿಗೆ ಹೇಳಿಲ್ಲ. ದಿನಕ್ಕೆ ಎಷ್ಟು ಜನರ ಕಣ್ಣು ನೋಡುತ್ತೀಯೋ, ನಿನ್ನ ಕಣ್ಣನ್ನು ಒಳಗಿನ ತನಕ ಯಾರಾದರೂ ನೋಡಿದ್ದಾರೆಯೇ? ನಿನ್ನ ಗೆಳತಿಯರು ಅಭ್ಯಾಸಕ್ಕೆಂದು ನೋಡಿದ್ದು ಲೆಕ್ಕಕ್ಕಿಲ್ಲ. ಮೇಷ್ಟ್ರೊಬ್ಬರ ಮುಂದೆ ಕುಳಿತು ಒತ್ತಡ, ನರದ ಚಿತ್ರ, ಚುಕ್ಕಿಯ ಪರೀಕ್ಷೆ ಮೂರನ್ನೂ ಮಾಡಿಸಿ, ಎರಡೂ ಕಣ್ಣಿನ ಅಂಕಿ ಬರೆದು ಕಳಿಸು. ಚೆನ್ನಾಗಿದೆ ಅಪ್ಪ ಎಂದು ಬರೆದರೆ ಸಾಲದು, ಅಂಕಿ ಬೇಕು. ಈ ತಿಂಗಳ ಒಳಗೆ.

ಅಡಿಕೆ ಮಾರಿದ ದುಡ್ಡಿನಲ್ಲಿ ಹಾಸ್ಟೆಲಿನ ಎರಡನೇ ಕಂತು ನಾಳೆ ಹಾಕುತ್ತೇನೆ.

ಇತಿ,
ಅಪ್ಪ