ಮಂಡಗದ್ದೆಯಲ್ಲಿ ಇಳಿದ ಅಕ್ಕನಿಗೆ

ಕಳೆದ ಮಳೆಗಾಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸು ಸಕ್ರೆಬೈಲು ದಾಟಿತ್ತು ಅಷ್ಟೇ. ಇದ್ದಕ್ಕಿದ್ದಂತೆ ಎದೆ ಡವಡವ, ಕೈ ಜೋಮು, ಉಸಿರೇ ಸಾಲದು. ಹಾರ್ಟ್ ಅಟ್ಯಾಕ್ ಅಂತಲೇ ಅಂದುಕೊಂಡೆ.

ಪಕ್ಕದಲ್ಲಿದ್ದ ನೀವು ಮಡಿಲಿನ ವೀಳ್ಯದೆಲೆ ಕಟ್ಟು ಕೆಳಗಿಟ್ಟು, ಮಳೆ ಎರಚಿದರೂ ಕಿಟಕಿ ಗಾಜು ಸರಿಸಿದಿರಿ. "ಎಳೆಯೋದಕ್ಕಿಂತ ನಿಧಾನಕ್ಕೆ ಉಸಿರು ಬಿಡು ತಮ್ಮಾ" ಅಂದು ಬೆರಳಲ್ಲಿ ಎಣಿಸುತ್ತಾ ಕೂತಿರಿ. ಮಂಡಗದ್ದೆ ಬರುವಷ್ಟರಲ್ಲಿ ಎಲ್ಲ ಇಳಿದಿತ್ತು. "ನನಗೂ ಹೀಗೇ ಆಗ್ತಿತ್ತು. ಆದ್ರೂ ಒಮ್ಮೆ ಹಾರ್ಟ್ ತೋರಿಸ್ಕೋ" ಅಂದು ಇಳಿದೇ ಹೋದಿರಿ. ಹೆಸರು ಕೇಳಲೂ ತೋಚಲಿಲ್ಲ ನೋಡಿ.

ಇಸಿಜಿ, ಥೈರಾಯ್ಡ್ ಎಲ್ಲ ಸರಿಯಿತ್ತು. ಡಾಕ್ಟರು ಪ್ಯಾನಿಕ್ ಡಿಸಾರ್ಡರ್ ಎಂದರು. ಅಪಾಯ ಇಲ್ಲದಿದ್ದರೂ ಮೈ ಓಡಲು ಸಜ್ಜಾಗಿಬಿಡುತ್ತದೆ. ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಅಮ್ಮ ಮಾತ್ರ ದೃಷ್ಟಿ ಅಂತ ಮೆಣಸಿನಕಾಯಿ ನಿವಾಳಿಸಿದ್ದರು, ಪಾಪ. ಮಾತ್ರೆ ಹಿಡಿಯಲು ಕೆಲವು ವಾರ ಬೇಕಾಯಿತು. ಜೊತೆಗೆ ಸಿಬಿಟಿ ಅನ್ನೋ ಕೌನ್ಸೆಲಿಂಗ್. ನಾನು ಹೆದರಿ ಬಿಟ್ಟಿದ್ದ ಬಸ್ಸನ್ನೇ ಮತ್ತೆ ಹತ್ತಿಸಿದರು, ಮೊದಲು ಗಾಜನೂರಿನವರೆಗೆ, ಆಮೇಲೆ ಮುಂದಕ್ಕೆ. ಡಾಕ್ಟರ ಹತ್ತಿರ ಹೋಗಲು ಹಿಂಜರಿಯುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಸುಮ್ನೆ ಒಂದು ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ತುಂಬಾ ಥ್ಯಾಂಕ್ಸ್ ಅಕ್ಕಾ. ಅಂದಹಾಗೆ, ನೀವು ಬಸ್ಸಲ್ಲಿ ಬಿಟ್ಟುಹೋದ ಛತ್ರಿ ನನ್ನ ಹತ್ತಿರವೇ ಇದೆ.